ಧೌಲಾಧಾರದ ಹದ್ದುಗಳ ಲೆಕ್ಕ: ನಮ್ಮ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಲೋಕಸಭಾ ಸದಸ್ಯರಿಗೆ ಗೌರವಪೂರ್ವಕ ವಂದನೆಗಳು.

ಹಿಮಾಚಲ ಪ್ರದೇಶದ ಹದ್ದುಗಳ ವಿಷಯವಾಗಿ ಕರ್ನಾಟಕದ ಮತದಾರನೊಬ್ಬ ತಮಗೆ ಪತ್ರ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ನನ್ನ ಪ್ರಶ್ನೆ ಕೇಂದ್ರ ಪರಿಸರ ಸಚಿವಾಲಯಕ್ಕೆ ಸಂಬಂಧಿಸಿದ್ದು; ಅದನ್ನು ಸದನದಲ್ಲಿ ಕೇಳುವ ಅಧಿಕಾರ ನನಗಿಲ್ಲ, ತಮಗಿದೆ.

ಮಧ್ಯ ಏಷ್ಯಾದ ಬಯಲು ಹುಲ್ಲುಗಾವಲುಗಳಲ್ಲಿ ಮರಿ ಮಾಡುವ ಸ್ಟೆಪ್ ಹದ್ದುಗಳು ಪ್ರತಿವರ್ಷ ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹಿಮಾಲಯದ ದಕ್ಷಿಣದ ಇಳಿಜಾರುಗಳನ್ನೇ ಹಿಡಿದು ಪೂರ್ವದಿಂದ ಪಶ್ಚಿಮಕ್ಕೆ ಸಾಗುತ್ತವೆ. 2001ರ ಶರತ್ಕಾಲದಲ್ಲಿ ಹಿಮಾಚಲದ ಧೌಲಾಧಾರ ಬೆಟ್ಟಸಾಲಿನ ಮಡಿಲಿನಲ್ಲಿರುವ ಧರ್ಮಶಾಲೆಯ ಬಳಿ ನಡೆದ ಎಣಿಕೆಯಲ್ಲಿ ಇಂಥ ಹದ್ದುಗಳು ಸಾವಿರಗಳ ಲೆಕ್ಕದಲ್ಲಿ ಕಂಡುಬಂದವು. ನೇಪಾಳದಲ್ಲಿ ಪೋಖರಾ ಸಮೀಪದ ಥುಲಾಖರ್ಕದಲ್ಲಿ 2012ರಿಂದ ಶರತ್ಕಾಲದ ಎಣಿಕೆಗಳು ನಡೆದಿವೆ.

ಬೆಟ್ಟದಲ್ಲಿಯೇ ಏಕೆ ಎಣಿಸಬೇಕೆಂದರೆ, ಬಯಲಿನಲ್ಲಿ ಚದುರಿಹೋಗುವ ಹಕ್ಕಿಗಳು ಇಲ್ಲಿ ಒಂದೇ ದಾರಿಗೆ ಬರುತ್ತವೆ. ಬಿಸಿಲೇರಿ ಇಳಿಜಾರು ಕಾದಾಗ ಮೇಲೇಳುವ ಬೆಚ್ಚನೆಯ ಗಾಳಿಯಲ್ಲಿ ಅವು ಸುತ್ತುತ್ತ ಎತ್ತರಕ್ಕೇರಿ, ಅಲ್ಲಿಂದ ರೆಕ್ಕೆ ಬಡಿಯದೆ ಬೆಟ್ಟದ ಮುಂದಿನ ಏಣಿನತ್ತ (ಬೆಟ್ಟದ ನೆತ್ತಿಯ ಸಾಲಿನತ್ತ) ಜಾರುತ್ತವೆ. ಸುತ್ತುವಾಗ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಸುತ್ತು ಬಿಟ್ಟು ಸಾಲಾಗಿ ಜಾರುವಾಗ ಒಬ್ಬರು ದುರ್ಬೀನಿನಲ್ಲಿ ನೋಡಿ ಹೇಳಬೇಕು, ಇನ್ನೊಬ್ಬರು ಬರೆದುಕೊಳ್ಳಬೇಕು. ಕತ್ತು ನೋಯಿಸುವ ಈ ಕೆಲಸಕ್ಕೆ ಬೇಕಾದುದು ದುಬಾರಿ ಯಂತ್ರಗಳಲ್ಲ, ಪಳಗಿದ ಕಣ್ಣು ಮತ್ತು ತಾಳ್ಮೆ.

ಒಟ್ಟು ಸಂಖ್ಯೆಗಿಂತಲೂ ಮುಖ್ಯವಾದುದು ಹಕ್ಕಿಗಳ ವಯಸ್ಸು. ಎಳೆಯ ಸ್ಟೆಪ್ ಹದ್ದಿನ ರೆಕ್ಕೆಯ ಅಡಿಯಲ್ಲಿ ಎದ್ದುಕಾಣುವ ಬಿಳಿ ಪಟ್ಟಿಯಿರುವುದರಿಂದ, ಆ ವರ್ಷ ಎಷ್ಟು ಮರಿಗಳು ಬದುಕಿ ಹೊರಟಿವೆಯೆಂಬುದನ್ನು ನೆಲದಿಂದಲೇ ಅಂದಾಜಿಸಬಹುದು. ಅಮೆರಿಕದ ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಎಂಬ ಬೆಟ್ಟದಲ್ಲಿ 1934ರಲ್ಲಿ ಎಣಿಕೆ ಆರಂಭವಾದಾಗ ಡಿಡಿಟಿ ಎಂಬ ಕೀಟನಾಶಕದ ಯೋಚನೆ ಯಾರಿಗೂ ಇರಲಿಲ್ಲ. 1935–39ರಲ್ಲಿ ಅಲ್ಲಿ ಹಾದುಹೋದ ಬೋಳು ಹದ್ದುಗಳಲ್ಲಿ ನೂರಕ್ಕೆ 40 ಎಳೆಯವು. 1955–59ರ ಹೊತ್ತಿಗೆ ಅದು 20ಕ್ಕೆ ಇಳಿದಿತ್ತು. ಪ್ರಾಯದ ಹಕ್ಕಿಗಳು ಹಾರುತ್ತಲೇ ಇದ್ದವು, ಮರಿಗಳು ಬರುವುದು ಕಡಿಮೆಯಾಗಿತ್ತು. ಈ ಕೀಟನಾಶಕದ ವಿರುದ್ಧ ಅಮೆರಿಕದ ಲೇಖಕಿ ರೇಚಲ್ ಕಾರ್ಸನ್ ಮಂಡಿಸಿದ ಸಾಕ್ಷ್ಯಗಳಲ್ಲಿ ಈ ಅಂಕಿಗಳೂ ಸೇರಿದ್ದವು, ಮತ್ತು 1972ರಲ್ಲಿ ಅಲ್ಲಿನ ಸರ್ಕಾರ ಡಿಡಿಟಿಯನ್ನು ನಿಷೇಧಿಸಿತು. ಹಳೆಯ ವರ್ಷಗಳ ಲೆಕ್ಕದ ಪುಸ್ತಕ ಇಲ್ಲದಿದ್ದರೆ 20 ಕಡಿಮೆಯೋ ಹೆಚ್ಚೋ ಹೇಳುವವರು ಯಾರು?

ತಡವಾಗಿ ಎಚ್ಚೆತ್ತರೆ ಏನಾಗುತ್ತದೆಂಬುದಕ್ಕೆ ನಮ್ಮ ರಣಹದ್ದುಗಳೇ ಉದಾಹರಣೆ. ದನಗಳಿಗೆ ಕೊಡುತ್ತಿದ್ದ, ಅವುಗಳ ಹೆಣ ತಿಂದ ರಣಹದ್ದುಗಳಿಗೆ ವಿಷವಾಗುತ್ತಿದ್ದ ಡೈಕ್ಲೋಫೆನಾಕ್ ನೋವುನಿವಾರಕವನ್ನು 2006ರಲ್ಲಿ ನಿಷೇಧಿಸುವ ವೇಳೆಗೆ ಈ ಹಕ್ಕಿಗಳಲ್ಲಿ ಬಹುಪಾಲು ಅಳಿದಿದ್ದವು. ಉಳಿದ ಕೆಲವಕ್ಕಾಗಿ ನಾವು ರಾಮನಗರದ ರಾಮದೇವರಬೆಟ್ಟವನ್ನು ಕಾಯುತ್ತಿದ್ದೇವೆ. ಅದೇ ಔಷಧ ಸ್ಟೆಪ್ ಹದ್ದುಗಳಿಗೂ ವಿಷವೆಂಬುದು ರಾಜಸ್ಥಾನದ ದನದ ಹೆಣ ಎಸೆಯುವ ಜಾಗದಲ್ಲಿ ಸತ್ತು ಸಿಕ್ಕ ಹಕ್ಕಿಗಳಿಂದ ತಿಳಿದು, 2014ರಲ್ಲಿ ಪ್ರಕಟವಾಯಿತು. ಮರುವರ್ಷವೇ ಈ ಹದ್ದು ಜಾಗತಿಕವಾಗಿ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿ ಸೇರಿತು. ವಲಸೆ ಬೇಟೆಹಕ್ಕಿಗಳ ರಕ್ಷಣೆಯ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ 2016ರಲ್ಲಿ ಸಹಿ ಹಾಕಿದೆ.

ಆದ್ದರಿಂದ ಮುಂದಿನ ಅಧಿವೇಶನದಲ್ಲಿ ತಾವು ಲಿಖಿತ ಪ್ರಶ್ನೆಯೊಂದನ್ನು ಕೇಳಬೇಕೆಂದು ವಿನಂತಿಸುತ್ತೇನೆ: ಆ ಸಹಿಯ ನಂತರ ಹಿಮಾಲಯದ ಯಾವ ಯಾವ ಏಣುಗಳಲ್ಲಿ, ಯಾವ ಯಾವ ವರ್ಷ, ಸರ್ಕಾರದ ಹಣದಿಂದ ಶರತ್ಕಾಲದ ಎಣಿಕೆ ನಡೆದಿದೆ, ಮತ್ತು ಎಳೆಯ ಹಕ್ಕಿಗಳನ್ನು ಪ್ರತ್ಯೇಕವಾಗಿ ದಾಖಲಿಸಲಾಗಿದೆಯೇ? ಉತ್ತರ ತೃಪ್ತಿಕರವಾಗಿರದಿದ್ದರೆ, ಧರ್ಮಶಾಲೆಯ ಬಳಿ ಒಂದೇ ಒಂದು ಎಣಿಕೆ ಕೇಂದ್ರಕ್ಕೆ, ಆದರೆ ನಡುವೆ ನಿಲ್ಲದಂತೆ ಹತ್ತು ವರ್ಷಗಳಿಗೆ ಹಣ ಮೀಸಲಿಡುವಂತೆ ಸಚಿವರನ್ನು ಒತ್ತಾಯಿಸಿರಿ. ಒಂದು ವರ್ಷ ಅದ್ದೂರಿಯಾಗಿ ಉದ್ಘಾಟಿಸಿ ಮೂರನೆಯ ವರ್ಷ ಮುಚ್ಚುವುದಾದರೆ ಆರಂಭಿಸದಿರುವುದೇ ಲೇಸು. ಎಣಿಸುವವರು ಅಲ್ಲಿನ ಹಳ್ಳಿಗಳ ಯುವಕ ಯುವತಿಯರಾಗಿರಲಿ, ಅವರಿಗೆ ಪ್ರಶಸ್ತಿಪತ್ರವಲ್ಲ, ದಿನದ ಕೂಲಿ ಸಿಗಲಿ.

ತಮ್ಮ ಪ್ರಶ್ನೆಯ ಪ್ರತಿ ಮತ್ತು ಸಚಿವಾಲಯದ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಇಂತಿ,
ತಮ್ಮ ಕ್ಷೇತ್ರದ ಮತದಾರ