ಕಾಟಮರಾಯನ ಜಾಗ ಉಳಿಸಿಕೊಡಿ

ಸಂಪಾದಕರೇ,

ಸಂಕ್ರಾಂತಿ ಬಂದ್ರೆ ಪೇಪರ್, ಟಿವಿ ಎಲ್ಲಾ ಕಡೆ ಎಳ್ಳುಬೆಲ್ಲ, ಕಬ್ಬು, ರೇಷ್ಮೆ ಸೀರೆ ಫೋಟೋಗಳೇ. ನಮ್ಮ ಕೋಲಾರ ಜಿಲ್ಲೆ ಹಳ್ಳಿಗಳಲ್ಲಿ ಅವತ್ತು ಜನ ಸೇರೋದು ಊರಾಚೆ, ದನಗಳನ್ನ ಕಾಯೋ ದೇವರು ಕಾಟಮರಾಯನ ಹತ್ರ. ಮಣ್ಣು ಕಲ್ಲಲ್ಲಿ ಪುಟ್ಟ ಗುಡಿ ಕಟ್ಟಿ, ಅಣ್ಣೆ ಹೂವು ಸಿಕ್ಕಿಸಿ, ದನಗಳ ಮೈ ತೊಳ್ದು ಕೊಂಬಿಗೆ ಬಣ್ಣ ಬಳ್ದು ಎಲ್ಲರ ಮನೆ ದನಾನೂ ಅಲ್ಲಿಗೆ ಹೊಡ್ಕೊಂಡು ಹೋಗಿ, ಪೂಜೆ ಮಾಡಿ ತೀರ್ಥ ಚಿಮುಕಿಸಿ, ಕತ್ತಲಾಗ್ತಿದ್ದಂಗೆ ಕಿಚ್ಚು ಹಾಯಿಸ್ತಾರೆ. ಮನೇಲಿ ಅವರೆಕಾಯಿ, ಗೆಣಸು, ಕಡಲೆಕಾಯಿ ಬೆಂದಿರುತ್ತೆ. ಮನೇಲಿ ತೆಲುಗು ಮಾತಾಡೋರು, ಕನ್ನಡ ಮಾತಾಡೋರು ಅಂತ ಭೇದ ಇಲ್ದೆ ಊರಿಗೂರೇ ಅಲ್ಲಿರುತ್ತೆ.

ಈ ಹಬ್ಬಕ್ಕೆ ಬೇಕಾಗಿರೋದು ಬಯಲು. ಅದೇ ಈಗ ಇಲ್ಲ. ನಮ್ಮೂರಲ್ಲಿ ಕಿಚ್ಚು ಹಾಯಿಸ್ತಿದ್ದ ಗೋಮಾಳದ ಅಂಚಿಗೆ ಲೇಔಟ್ ಬಂದು ಕಲ್ಲು ನೆಟ್ಟು ತಂತಿ ಎಳೆದಿದಾರೆ, ಈ ಸಲ ಟಾರ್ ರೋಡ್ ಮೇಲೆ ಹುಲ್ಲು ಹಾಕಿ ಬೆಂಕಿ ಹಚ್ಚಿದ್ವಿ, ಆ ಕಡೆ ಈ ಕಡೆ ಬೈಕು ಕಾರು ಹಾರನ್ ಹೊಡ್ಕೊಂಡು ನಿಂತಿದ್ವು, ದನ ಬೆದರಿ ಎತ್ತೆತ್ತಲೋ ಓಡಿದ್ವು.

ಆಂಧ್ರದ ಕಡೆ ಗೊಲ್ಲರು ಹಾಡೋ ಕಾಟಮರಾಜುವಿನ ಕಥೆ ಕೇಳಿದೋರಿಗೆ ಇದರ ಸಂಕಟ ಇನ್ನೂ ಚೆನ್ನಾಗಿ ಗೊತ್ತಾಗುತ್ತೆ. ಬರಗಾಲದಲ್ಲಿ ದನ ಹೊಡ್ಕೊಂಡು ನೆಲ್ಲೂರು ಸೀಮೆಗೆ ಹೋದವನು ಅವನು, ಮೇವಿನ ಸುಂಕದ ತಕರಾರಿಗೆ ಅಲ್ಲಿನ ದೊರೆ ಮನುಮಸಿದ್ಧಿ ಜೊತೆ ಯುದ್ಧವೇ ಆಗೋಯ್ತು. ನಮ್ಮ ಕಾಟಮರಾಯ ಅವನೇ ಇರ್ಬೇಕು ಅಂತ ನನಗೆ ಬಲವಾಗಿ ಅನ್ಸುತ್ತೆ. ದನ ಮೇಯೋ ನೆಲಕ್ಕಾಗಿ ಕಾದಾಡಿದವನಿಗೆ ನಾವು ಗುಡಿ ಕಟ್ಟೋಕೂ ನೆಲ ಉಳಿಸಿಲ್ಲ ಅಂದ್ರೆ ಏನು ಹೇಳೋದು.

ಎತ್ತುಗಳೇ ಇಲ್ಲ, ಟ್ರ್ಯಾಕ್ಟರ್ ಬಂದಿದೆ, ಇನ್ನೆಲ್ಲಿ ಹಬ್ಬ ಅಂತಾರೆ ಕೆಲವರು. ನಾನು ಒಪ್ಪಲ್ಲ. ಕೋಲಾರದ ಎಷ್ಟೋ ಸಂಸಾರ ನಡೀತಿರೋದೇ ಡೈರಿಗೆ ಹಾಕೋ ಹಾಲಿಂದ. ಸೀಮೆ ಹಸೂನ ಬೆಂಕಿ ಹಾರಿಸೋದು ಬೇಡ, ಗಬ್ಬದ ಹಸೂನಂತೂ ಬೇಡವೇ ಬೇಡ, ಮೈ ತೊಳ್ದು ಹೂ ಮುಡಿಸಿ ಕಾಟಮರಾಯನ ಹತ್ರ ಕರ್ಕೊಂಡು ಹೋಗೋಕೆ ಏನು ಅಡ್ಡಿ? 2018ರಿಂದ ಕೆ.ಸಿ. ವ್ಯಾಲಿ ಯೋಜನೇಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದ್ಮೇಲೆ ಒಣಗಿ ಬಿದ್ದಿದ್ದ ಎಷ್ಟೋ ಕೆರೆ ತುಂಬಿವೆ, ಕೆರೆ ಏರಿ ಹತ್ರಾನೇ ಒಂದಿಷ್ಟು ಜಾಗ ಬಿಟ್ರೆ ಸಾಕು.

ಗೋಮಾಳ ಸರ್ವೆ ಮಾಡುವಾಗ, ಲೇಔಟ್‌ಗೆ ಒಪ್ಪಿಗೆ ಕೊಡುವಾಗ ಪಂಚಾಯ್ತಿಯೋರು, ಕಂದಾಯ ಇಲಾಖೆಯೋರು ಊರಿನ ಹಿರಿಯರನ್ನ ಕೇಳಿ ಕಾಟಮರಾಯನ ಜಾಗಾನ ನಕ್ಷೇಲಿ ಗುರುತು ಮಾಡ್ಲಿ. ನಿಮ್ಮ ಪೇಪರ್‌ನೋರೂ ಬರೋ ಸಂಕ್ರಾಂತಿಗೆ ನಮ್ಮ ಹಳ್ಳಿಗಳ ಕಡೆ ಒಬ್ಬ ವರದಿಗಾರರನ್ನ ಕಳಿಸಿ.

— ಒಬ್ಬ ಓದುಗ, ಮುಳಬಾಗಿಲು ತಾಲ್ಲೂಕು