ಸ್ಟ್ರಿಕ್ಟಾ, ಫ್ರೀಯಾ ಅಂತ ಕೇಳಿದೆಯಲ್ಲ

ಚಿರಂಜೀವಿ ಪುಟ್ಟುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬಡ್ತಿ ಪಟ್ಟಿಯಲ್ಲಿ ನಿನ್ನ ಹೆಸರು ಬಂದಿದೆ ಅಂತ ನಿಮ್ಮಮ್ಮ ಫೋನ್ ಮಾಡಿದ್ದಳು. ಮಾತಿಗಿಂತ ಅಳುವೇ ಜಾಸ್ತಿ ಇತ್ತು, ಸಂತೋಷಕ್ಕೆ. ಆಮೇಲೆ ನೀನು ಫೋನ್ ಇಸ್ಕೊಂಡು, "ದೊಡ್ಡಮ್ಮ, ಹೆಡ್‌ಮಾಸ್ಟರ್ ಆದಮೇಲೆ ಸ್ಟ್ರಿಕ್ಟ್ ಆಗಿರಬೇಕಾ, ಫ್ರೀ ಆಗಿರಬೇಕಾ?" ಅಂತ ಕೇಳಿದೆ. ಒಲೆ ಮೇಲೆ ಹಾಲಿತ್ತು, ಉತ್ತರ ಕೊಡಲಿಲ್ಲ. ಈಗ ಬಿಡುವಾಗಿ ಕೂತು ಬರೆಯುತ್ತಿದ್ದೇನೆ.

2003ರಲ್ಲಿ ನಾನು ಹೆಡ್‌ಮೇಡಮ್ ಆದಾಗ ನನಗೂ ಇದೇ ಪ್ರಶ್ನೆ ಇತ್ತು. ಉತ್ತರ ಹುಡುಕುವ ಗೋಜಿಗೆ ಹೋಗದೆ ನಕಲು ಹೊಡೆದೆ. ನಾನು ಓದಿದ ಶಾಲೆಯ ಹೆಡ್‌ಮಾಸ್ಟರ್ ಗೇಟಿನ ಹತ್ತಿರ ಬಂದರೆ ಸಾಕು, ಇಡೀ ಶಾಲೆ ತಣ್ಣಗಾಗುತ್ತಿತ್ತು. ಆ ಗತ್ತು ನನಗೂ ಬರಲಿ ಅಂತ ಆಸೆ. ಮುಖ ಗಂಟು ಹಾಕಿಕೊಂಡೆ, ದನಿ ಏರಿಸಿದೆ. ಪ್ರಾರ್ಥನೆ ಗಂಟೆ ಆದ ಮೇಲೆ ಬಂದವರ ಹೆಸರಿಗೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯ ಗುರುತು.

ಒಬ್ಬ ಮೇಷ್ಟ್ರು ಇದ್ದರು. ವಾರದಲ್ಲಿ ಮೂರು ದಿನ ಹತ್ತು ನಿಮಿಷ ತಡ. ಒಂದು ದಿನ ಪ್ರಾರ್ಥನೆ ಸಾಲಿನಲ್ಲೇ, ಮಕ್ಕಳ ಎದುರಿಗೇ, "ನಿಮ್ಮನೆ ಗಡಿಯಾರಕ್ಕೆ ಕೀ ಕೊಡೋರು ಯಾರೂ ಇಲ್ವಾ ಸಾರ್?" ಅಂದುಬಿಟ್ಟೆ. ಮಕ್ಕಳು ಕಿಸಕ್ಕನೆ ನಕ್ಕರು. ಅವರು ಮಾತಾಡದೆ ತರಗತಿಗೆ ಹೋದರು. ಮಾರನೇ ದಿನದಿಂದ ಸರಿಯಾದ ಹೊತ್ತಿಗೆ ಬರತೊಡಗಿದರು. ನಾನು ಗೆದ್ದೆ ಅಂದುಕೊಂಡೆ. ಆದರೆ ಅಲ್ಲಿಯವರೆಗೆ ಸಂಜೆ ಶಾಲೆ ಬಿಟ್ಟ ಮೇಲೂ ಕೂತು, ಏಳನೇ ತರಗತಿಯ ನಾಲ್ಕೈದು ಮಕ್ಕಳಿಗೆ ಭಿನ್ನರಾಶಿ ಲೆಕ್ಕ ಹೇಳಿಕೊಡುತ್ತಿದ್ದ ಮನುಷ್ಯ, ಗಂಟೆ ಹೊಡೆದ ತಕ್ಷಣ ಚೀಲ ಹೆಗಲಿಗೆ ಹಾಕಿಕೊಂಡು ಹೊರಡುವುದಕ್ಕೆ ಶುರು ಮಾಡಿದರು. ಅದನ್ನು ತಪ್ಪು ಅನ್ನುವ ಹಾಗೂ ಇಲ್ಲವಲ್ಲ.

ಹಾಸಿಗೆ ಹಿಡಿದ ತಾಯಿಗೆ ಮೈ ಒರೆಸಿ, ತಿಂಡಿ ತಿನ್ನಿಸಿ ಬರುತ್ತಿದ್ದರಂತೆ. ನನಗೆ ಗೊತ್ತಾದದ್ದು ಆರು ತಿಂಗಳ ಮೇಲೆ, ಅದೂ ಅಡುಗೆಯವಳ ಬಾಯಿಂದ. ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ ಕ್ಷಮೆ ಕೇಳಿದೆ. ಅದು ಇನ್ನೊಂದು ತಪ್ಪು. ಬೈದದ್ದು ಇಡೀ ಶಾಲೆಯ ಮುಂದೆ, ಕ್ಷಮೆ ಮಾತ್ರ ಗುಟ್ಟಾಗಿ, ಯಾವ ನ್ಯಾಯ? "ಇರಲಿ ಬಿಡಿ ಮೇಡಮ್" ಅಂದರು. ಸಂಜೆಯ ಲೆಕ್ಕದ ಪಾಠ ಮಾತ್ರ ಮತ್ತೆ ಶುರುವಾಗಲೇ ಇಲ್ಲ.

ಆಮೇಲೆ ನನ್ನ ಹಳೇ ಹೆಡ್‌ಮಾಸ್ಟರ ಬಗ್ಗೆ ಯೋಚಿಸಿದೆ. ಅವರು ಅದೇ ಊರಲ್ಲಿ ಮನೆ ಮಾಡಿದ್ದರು. ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ, ಯಾರ ಮಗಳು ಶಾಲೆ ಬಿಡುವ ಹಾಗಿದ್ದಾಳೆ ಎಲ್ಲಾ ಅವರಿಗೆ ಗೊತ್ತಿತ್ತು. ಗತ್ತು ಬಂದದ್ದು ಅಲ್ಲಿಂದ. ಚಿಕ್ಕವಳಾಗಿದ್ದ ನಾನು ನೋಡಿದ್ದು ಬೆತ್ತ ಮಾತ್ರ. ಆ ಬೆತ್ತವನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಗೂ ಕಿತ್ತುಕೊಂಡಿತು, ಒಳ್ಳೆಯದೇ ಆಯಿತು.

ನೀನು ಎಚ್. ನರಸಿಂಹಯ್ಯನವರ ಭಕ್ತ ಅಂತ ಗೊತ್ತು. ನ್ಯಾಷನಲ್ ಕಾಲೇಜಿನ ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಹಾಸ್ಟೆಲಿನ ಒಂದು ಕೋಣೆಯಲ್ಲಿ ಬದುಕು ಕಳೆದರು. ದೊಡ್ಡ ಮನುಷ್ಯರು. ಆದರೆ ಅವರು ಮದುವೆಯಾಗಿರಲಿಲ್ಲ ಕಣೋ! ನಿನಗೆ ಹೆಂಡತಿ ಇದ್ದಾಳೆ, ಎರಡು ಮಕ್ಕಳಿವೆ. ರಾತ್ರಿಯೂ ಶಾಲೆಯಲ್ಲೇ ಇರುತ್ತೇನೆ ಅಂದರೆ ಅವಳು ನನಗೆ ಫೋನ್ ಮಾಡುತ್ತಾಳೆ.

ಹಾಗಾದರೆ ನಿನ್ನ ರೀತಿ ಯಾವುದು? ಅದು ನಿನ್ನಲ್ಲಿ ಈಗಾಗಲೇ ಇದೆ. ನಮ್ಮ ಮನೆ ಮದುವೆಗಳಲ್ಲಿ ಪಂಕ್ತಿ ನೋಡಿಕೊಳ್ಳುವವನು ನೀನು. ಕೂಗಾಡುವುದಿಲ್ಲ. ಸಾಲಿನ ತುದಿಯಲ್ಲಿ ನಿಂತು, ಯಾವ ಎಲೆಗೆ ಪಲ್ಯ ಬಂದಿಲ್ಲ, ಯಾವ ಅಜ್ಜನಿಗೆ ಅನ್ನ ಮೆತ್ತಗೆ ಬೇಕು ಅಂತ ನೋಡಿ, ಬಡಿಸುವ ಹುಡುಗನ ಕಿವಿಯಲ್ಲಿ ಹೇಳಿ ಕಳಿಸುತ್ತೀಯ. ನಿಮ್ಮ ಚಿಕ್ಕಪ್ಪ ಅದೇ ಕೆಲಸ ಮಾಡಿದರೆ ಇಡೀ ಛತ್ರಕ್ಕೆ ಕೇಳಿಸುತ್ತದೆ. ಅವನ ಪಂಕ್ತಿಯಲ್ಲೂ ಊಟ ಚೆನ್ನಾಗೇ ಆಗುತ್ತದೆ ಅನ್ನು. ಆದರೆ ನೀನು ಅವನ ಹಾಗೆ ಕೂಗಲು ಹೋದರೆ ದನಿ ಒಡೆಯುತ್ತದೆ, ಜನ ನಗುತ್ತಾರೆ.

ನನ್ನ ರೀತಿ ನನಗೆ ಸಿಕ್ಕಿದ್ದು ಅಡುಗೆ ಕೋಣೆಯ ಬಾಗಿಲಲ್ಲಿ. ನಾನು ಹೆಡ್‌ಮೇಡಮ್ ಆದ ವರ್ಷವೇ ನಮ್ಮ ಕಡೆ ಬಿಸಿಯೂಟ ಬಂತು. ಮೊದಮೊದಲು ನನಗೆ ಅದು ದೊಡ್ಡ ತಲೆನೋವು. ಐದನೇ ತರಗತಿವರೆಗೆ ತಲೆಗೆ 100 ಗ್ರಾಂ ಅಕ್ಕಿ ಅಂತ ತೂಕ, ಲೆಕ್ಕ, ಸೌದೆ, ಹೊಗೆ. ಬಡಿಸುವ ಮುಂಚೆ ರುಚಿ ನೋಡಬೇಕು ಅಂತ ನಿಯಮ, ಅದಕ್ಕೆ ದಿನಾ ಹೋಗಿ ನಿಲ್ಲುತ್ತಿದ್ದೆ. ನಿಂತೂ ನಿಂತೂ ಕಣ್ಣು ತೆರೆಯಿತು. ಸೋಮವಾರ ಯಾವ ಮಗು ಮೂರು ಸಲ ಅನ್ನ ಹಾಕಿಸಿಕೊಳ್ಳುತ್ತದೆ, ಯಾರು ಯಾರ ಪಕ್ಕ ಕೂರುವುದಿಲ್ಲ, ತಟ್ಟೆ ಹಿಡಿದ ಕೈಯಲ್ಲಿ ಯಾಕೆ ಬಾಸುಂಡೆ ಇದೆ. ಇದು ಯಾವ ರಿಜಿಸ್ಟರಿನಲ್ಲೂ ಬರುವುದಿಲ್ಲ. ಸ್ಯಾಟ್ಸು, ಯು-ಡೈಸು ಅಂತ ಮಕ್ಕಳ, ಶಾಲೆಯ ವಿವರಗಳನ್ನು ಸರ್ಕಾರದ ಕಂಪ್ಯೂಟರಿಗೆ ತುಂಬುವುದು ಎಲ್ಲರೂ ಕಲಿಯುತ್ತಾರೆ, ನೀನೂ ಕಲಿಯುತ್ತೀಯ. ದಿನಾ ಹೋಗಿ ನಿಲ್ಲುವ ಒಂದು ಜಾಗ ನಿನಗೂ ಇರಲಿ.

ಇನ್ನೊಂದು ವಿಷಯ, ಬಿಟ್ಟುಕೊಡುವುದು. ಚಿಕ್ಕ ತರಗತಿಯ ಮಕ್ಕಳು ಆಡುತ್ತಾ ಕಲಿಯುವ ನಲಿ ಕಲಿ ಪದ್ಧತಿ ಶುರುವಾದ ಕತೆ ನಿನಗೆ ಗೊತ್ತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಕಡೆಯ ಶಾಲೆಗಳನ್ನು ನೋಡಿ ಬಂದು, ಕಲಿಕಾ ಕಾರ್ಡುಗಳನ್ನು ತಾವೇ ಕೂತು ತಯಾರಿಸಿದರು. ಅಲ್ಲಿ ಅದು ಅವರದ್ದಾಗಿತ್ತು. ನಮ್ಮ ಶಾಲೆಗೆ ಬರುವ ಹೊತ್ತಿಗೆ ಸುತ್ತೋಲೆಯಾಗಿತ್ತು. ಕಾರ್ಡುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕುವವಳಿದ್ದೆ. ಹೊಸದಾಗಿ ಬಂದಿದ್ದ ಒಬ್ಬ ಟೀಚರ್, "ಮೇಡಮ್, ಒಂದು ಕೋಣೆ ನನಗೆ ಬಿಟ್ಟುಬಿಡಿ" ಅಂದಳು. ಬಿಟ್ಟೆ. ಚಾಪೆ ಹಾಸಿದಳು, ತೋರಣ ಕಟ್ಟಿದಳು. ಗಲಾಟೆಯೋ ಗಲಾಟೆ! ತಪಾಸಣೆಗೆ ಬಂದ ಸಾಹೇಬರು "ಏನಮ್ಮಾ ಇದು, ಸಂತೆ?" ಅಂದರು. "ಹೌದು ಸಾರ್, ಒಳಗೆ ಬಂದು ವ್ಯಾಪಾರ ನೋಡಿ" ಅಂದೆ. ಬೇರೆಯವರ ಕೆಲಸದ ಪರವಾಗಿ ನಿಂತು ನಾನು ಬೈಸಿಕೊಂಡದ್ದು ಅದೇ ಮೊದಲು. ಆ ಹುಡುಗಿ ಆಮೇಲೆ ಯಾವ ಕೆಲಸಕ್ಕೂ ಇಲ್ಲ ಅನ್ನಲಿಲ್ಲ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರ ಮನೆಗೆ ಚೆಕ್ಕಿಗೆ ಸಹಿ ಬೇಕಾದಾಗ ಮಾತ್ರ ಹೋಗಬೇಡ. ಸುಮ್ನೆ ಒಂದು ಸಲ ಹೋಗಿ ಕಾಫಿ ಕುಡಿದು ಬಾ. ಎಷ್ಟೇ ಮೀಟಿಂಗ್ ಇರಲಿ, ಒಂದು ತರಗತಿಯ ಒಂದು ಪೀರಿಯಡ್ ನಿನ್ನ ಹತ್ತಿರವೇ ಇಟ್ಟುಕೋ. ಪಾಠ ಬಿಟ್ಟ ಹೆಡ್‌ಮಾಸ್ಟರ್ ಪಾಠದ ಬಗ್ಗೆ ಮಾತಾಡಿದರೆ ಮೇಷ್ಟ್ರುಗಳು ತಲೆಯಾಡಿಸುತ್ತಾರೆ ಅಷ್ಟೆ. ನಾನೂ ಮೇಷ್ಟ್ರಾಗಿದ್ದಾಗ ಹಾಗೇ ಆಡಿಸುತ್ತಿದ್ದೆ.

ಮೊದಲ ವರ್ಷ ನೀನೂ ಯಾರನ್ನೋ ನೋಯಿಸುತ್ತೀಯ. ಎದುರಿಗೆ ಬೈದಿದ್ದರೆ ಎದುರಿಗೇ ಕ್ಷಮೆ ಕೇಳು.

ಚಾರ್ಜ್ ತಗೊಳ್ಳುವ ದಿನ ಅವಸರ ಮಾಡಬೇಡ. ಬೀರು, ಬೆಂಚು, ಪಾತ್ರೆ ಎಲ್ಲಾ ಎಣಿಸಿ ಆಮೇಲೆ ಸಹಿ ಹಾಕು. ನನಗೆ ಎರಡು ಸ್ಟೂಲು, ಒಂದು ಗ್ಲೋಬು ಕಡಿಮೆ ಬಂದಿತ್ತು. ಗ್ಲೋಬಿನ ದುಡ್ಡು ಕೈಯಿಂದ ಕಟ್ಟಿದೆ. ಭಾನುವಾರ ಬಂದರೆ ನನ್ನ ಹಳೇ ಡೈರಿಗಳನ್ನು ಕೊಡುತ್ತೇನೆ, ಜೊತೆಗೆ ಒಂದು ಡಬ್ಬ ಮಿಡಿ ಉಪ್ಪಿನಕಾಯಿ. ನಿಮ್ಮಮ್ಮನನ್ನೂ ಕರೆದುಕೊಂಡು ಬಾ.

ಇಂತಿ,
ನಿನ್ನ ದೊಡ್ಡಮ್ಮ