ಕುಳಿ ಎಣಿಸಲು ಹೊರಟ ಪುಟ್ಟಿಗೆ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮಂಗಳ ಗ್ರಹದ ಎಲಿಸಿಯಂ ಬಯಲಿನ ಚಿತ್ರಗಳಲ್ಲಿ ಕುಳಿ ಎಣಿಸಿ ಅಲ್ಲಿಯ ಲಾವಾದ ವಯಸ್ಸು ಕಂಡುಹಿಡಿಯುವ ಕೆಲಸ ಸಿಕ್ಕಿದೆ ಎಂದು ಬರೆದಿದ್ದೀಯ. ಸಂತೋಷ. ಆದರೆ ಹೊಸಬರು ಎಡವಿ ಬೀಳಲು ಅದಕ್ಕಿಂತ ಒಳ್ಳೆ ಜಾಗ ಮಂಗಳದಲ್ಲಿ ಇನ್ನೊಂದಿಲ್ಲ. ಅದಕ್ಕೇ ಈ ಕಾಗದ ಸ್ವಲ್ಪ ಉದ್ದವಾಗಿದೆ.

ಕೆಸರಿಗೆ ಕಲ್ಲು ಹಾಕಿದರೆ ಸುತ್ತಲೂ ಸಿಡಿಯುತ್ತದಲ್ಲ, ಹಾಗೆಯೇ ಉಲ್ಕೆ ಬಡಿದಾಗ ನೆಲದ ಬಂಡೆ ಒಡೆದು ಹಾರುತ್ತದೆ. ಹಾರಿದ ತುಣುಕು ಬಿದ್ದಲ್ಲಿ ಇನ್ನೊಂದು ಕುಳಿ. ಇದು ದ್ವಿತೀಯಕ ಕುಳಿ. ಆಕಾಶದಿಂದ ನೇರ ಬಂದದ್ದು ಮೂಲ ಕುಳಿ. ಎಲಿಸಿಯಂನಲ್ಲಿರುವ ಝುನಿಲ್ ಕುಳಿಯ ಅಗಲ ಬರೀ 10 ಕಿ.ಮೀ. ಅದು ಎಬ್ಬಿಸಿದ ದ್ವಿತೀಯಕಗಳು, 10ರಿಂದ 200 ಮೀಟರ್ ಅಗಲದವು, ಸುಮಾರು ಒಂದು ಕೋಟಿ ಎಂದು 2005ರಲ್ಲಿ ಲೆಕ್ಕ ಹಾಕಿದರು. ಅದರ ಕಿರಣಗಳು, ಅಂದರೆ ಸಿಡಿದ ತುಣುಕು ಬಿದ್ದು ಕುಳಿಯಿಂದ ಹೊರಕ್ಕೆ ಮೂಡಿದ ಪಟ್ಟಿಗಳು, 1,600 ಕಿ.ಮೀ. ತನಕ ಚಾಚಿವೆ. ಅದೇ ಸೀಮೆಯ ಕೊರಿಂಟೊ ಕುಳಿ ಸುಮಾರು 14 ಕಿ.ಮೀ. ಅಗಲದ್ದು. 10 ಮೀಟರಿಗಿಂತ ದೊಡ್ಡ ದ್ವಿತೀಯಕಗಳು ಅದರದ್ದೇ 200 ಕೋಟಿಯ ಆಸುಪಾಸು ಎಂಬ ಅಂದಾಜು 2024ರಲ್ಲಿ ಬಂತು. ಕುಳಿ ಹೆಚ್ಚಿದ್ದಷ್ಟೂ ನೆಲ ಹಳೆಯದು ಎಂಬ ವಯಸ್ಸಿನ ಲೆಕ್ಕ ನಿಂತಿರುವುದು ಕುಳಿಗಳು ಒಂದೊಂದಾಗಿ, ಕಾಲಕ್ರಮದಲ್ಲಿ ಬಿದ್ದವು ಎಂಬ ನಂಬಿಕೆಯ ಮೇಲೆ. ಒಂದೇ ದಿನ ಲಕ್ಷಗಟ್ಟಲೆ ಬಿದ್ದರೆ ನಿನ್ನೆ ಮೊನ್ನೆಯ ಲಾವಾಕ್ಕೂ ಮುಪ್ಪು ಬಂದಂತೆ ಕಾಣುತ್ತದೆ.

ಎಲ್ಲರೂ ಮೊದಲು ಕಲಿಯುವುದು ಸುಲಭದ ಗುರುತುಗಳನ್ನು: ಸರಪಳಿಯಂತೆ ಸಾಲಾಗಿ ಬಿದ್ದವು, ಒಂದರ ಮೇಲೊಂದು ಹತ್ತಿಕೊಂಡವು, ಉದ್ದುದ್ದ ಎಳೆದಂತಿರುವವು, ಮೀನಿನ ಮುಳ್ಳಿನ ಹಾಗೆ V ಆಕಾರದ ಏಣುಗಳಿರುವವು. ಆ Vಯ ಚೂಪು ತುದಿ ಅವನ್ನು ಎಬ್ಬಿಸಿದ ಕುಳಿಯತ್ತ ತಿರುಗಿರುತ್ತದೆ. ಇವು ಯಾರ ಕಣ್ಣಿಗೂ ಬೀಳುತ್ತವೆ, ಇವು ಮೋಸ ಮಾಡುವುದಿಲ್ಲ. ಮೋಸ ಮಾಡುವವು ದೂರ ಬಿದ್ದವು.

ಕಾರಣ ಸರಳ. ತುಣುಕು ಎದ್ದ ವೇಗದಲ್ಲೇ ಹೆಚ್ಚುಕಡಿಮೆ ಇಳಿಯುತ್ತದೆ. ಮಂಗಳದಲ್ಲಿ 45 ಡಿಗ್ರಿ ಕೋನದಲ್ಲಿ ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಎದ್ದದ್ದು, ಗಾಳಿಯ ತಡೆ ಬಿಟ್ಟರೆ, 70 ಕಿ.ಮೀ. ಒಳಗೆ ಬೀಳುತ್ತದೆ, 1 ಕಿ.ಮೀ. ವೇಗದ್ದು ಆರು ನಿಮಿಷಕ್ಕೂ ಹೆಚ್ಚು ಹಾರಿ ಸುಮಾರು 280 ಕಿ.ಮೀ. ಆಚೆಗೆ, 2 ಕಿ.ಮೀ. ವೇಗದ್ದು 1,250 ಕಿ.ಮೀ. ದಾಟಿ. ಹತ್ತಿರದ್ದು ಮೆಲ್ಲಗೆ ಬಡಿದು ಸೊಟ್ಟ ಕುಳಿ ಮಾಡುತ್ತದೆ. ದೂರದ್ದು ಜೋರಾಗಿ ಬಡಿದು ದುಂಡನೆಯ, ಒಂಟಿ ಕುಳಿ ಮಾಡುತ್ತದೆ. ನೋಡಿದರೆ ಮೂಲ ಕುಳಿಯೇ ಅನ್ನಬೇಕು. ವೇಗ ಸೆಕೆಂಡಿಗೆ 5 ಕಿ.ಮೀ. ದಾಟಿದರೆ ಮಂಗಳವನ್ನೇ ಬಿಟ್ಟು ಹೋಗುತ್ತದೆ, ಅದು ನಿನ್ನ ತಲೆನೋವಲ್ಲ.

ಇಂಥವನ್ನು ಹಿಡಿಯಲು ಆಳ ನೋಡು. ಹೊಸ ಮೂಲ ಕುಳಿಯ ಆಳ ಅಗಲದ ಐದನೇ ಒಂದರಷ್ಟು. ದ್ವಿತೀಯಕದ್ದು ಹತ್ತನೇ ಒಂದರ ಆಸುಪಾಸು. ಅಂದರೆ 60 ಮೀಟರ್ ಅಗಲಕ್ಕೆ 12 ಮೀಟರ್ ಎಲ್ಲಿ, 6 ಮೀಟರ್ ಎಲ್ಲಿ! ನೆರಳಿನ ಉದ್ದವನ್ನು ಸೂರ್ಯನ ಎತ್ತರದ ಕೋನದ ಟ್ಯಾನ್‌ನಿಂದ ಗುಣಿಸಿದರೆ ಆಳ ಬರುತ್ತದೆ. ಸೂರ್ಯ 25 ಡಿಗ್ರಿ ಮೇಲಿದ್ದರೆ 6 ಮೀಟರ್ ಆಳಕ್ಕೆ ನೆರಳು ಸುಮಾರು 13 ಮೀಟರ್. ಮಂಗಳ ಸುತ್ತುವ ನೌಕೆಯ ಸಿಟಿಎಕ್ಸ್ ಕ್ಯಾಮೆರಾದ ಚಿತ್ರದಲ್ಲಿ ಒಂದು ಪಿಕ್ಸೆಲ್ಲೇ 6 ಮೀಟರ್. ಎರಡು ಪಿಕ್ಸೆಲ್ ನೆರಳನ್ನು ಅಳೆದು ಏನು ಹೇಳುತ್ತೀಯ? 25 ಸೆಂ.ಮೀ. ಪಿಕ್ಸೆಲ್ಲಿನ, ಅದೇ ನೌಕೆಯ ಹೈರೈಸ್ ಕ್ಯಾಮೆರಾದ ಚಿತ್ರವೇ ಬೇಕು, ಅದರಲ್ಲಿ ಐವತ್ತು ಪಿಕ್ಸೆಲ್ ಸಿಗುತ್ತದೆ. ನೆರಳಿನ ತುದಿ ಕುಳಿಯ ತಳ ಮುಟ್ಟಿದೆಯೇ ನೋಡಿಕೋ. ಮುಟ್ಟದಿದ್ದರೆ ನೀನು ಅಳೆದದ್ದು ಗೋಡೆಯ ಆಳ, ತಳದ್ದಲ್ಲ. ಅಂಚು ಸವೆದ, ಮರಳು ತುಂಬಿದ ಕುಳಿಗಳನ್ನು ಈ ಪರೀಕ್ಷೆಗೆ ತರಬೇಡ. ಹಳೇ ಮೂಲ ಕುಳಿಯೂ ಹೂಳು ತುಂಬಿ ಆಳ ಕಳೆದುಕೊಂಡಿರುತ್ತದೆ.

ಎಣಿಸುವ ಮುನ್ನ ಮಂಗಳ ಸುತ್ತುವ ಇನ್ನೊಂದು ನೌಕೆಯ, ನೆಲದ ಶಾಖ ನೋಡುವ ಕ್ಯಾಮೆರಾ ಥೀಮಿಸ್‌ನ ರಾತ್ರಿಯ ಇನ್‌ಫ್ರಾರೆಡ್ ನಕ್ಷೆ ತೆರೆದಿಡು. ಝುನಿಲ್‌ನ ಕಿರಣಗಳು ಹಗಲ ಚಿತ್ರದಲ್ಲಿ ಅಷ್ಟಾಗಿ ಎದ್ದು ಕಾಣುವುದಿಲ್ಲ, ಬಯಲಿಗೆ ಬಂದದ್ದೇ ಈ ರಾತ್ರಿಯ ನಕ್ಷೆಯಲ್ಲಿ. ಕಿರಣ ಹಾದುಹೋದ ಪಟ್ಟಿಯನ್ನು ಬಿಟ್ಟು ಎಣಿಸುವ ಜಾಗ ಗುರುತು ಹಾಕು. ಹತ್ತು ಪಿಕ್ಸೆಲ್ಲಿಗಿಂತ ಚಿಕ್ಕದನ್ನು ಲೆಕ್ಕಕ್ಕೆ ಹಿಡಿಯಬೇಡ. ಸಿಟಿಎಕ್ಸ್‌ನಲ್ಲಿ ಅದು 60 ಮೀಟರ್.

ಚೆಲ್ಲಾಪಿಲ್ಲಿಯಾಗಿ ಬಿದ್ದಿವೆಯೋ, ಗುಂಪು ಕಟ್ಟಿವೆಯೋ ಎಂಬುದಕ್ಕೂ ಲೆಕ್ಕವಿದೆ. 100 ಚ.ಕಿ.ಮೀ. ಜಾಗದಲ್ಲಿ 400 ಕುಳಿ ಇದ್ದರೆ, ಯಾದೃಚ್ಛಿಕವಾಗಿ ಬಿದ್ದಿದ್ದ ಪಕ್ಷದಲ್ಲಿ ಒಂದರಿಂದ ಅದರ ಹತ್ತಿರದ ಕುಳಿಗೆ ಸರಾಸರಿ 250 ಮೀಟರ್ ದೂರ ಬರಬೇಕು. ನಿನಗೆ 160 ಬಂದರೆ ಗುಂಪಿದೆ ಎಂದರ್ಥ. ಅಗಲದ ಪ್ರತಿ ವರ್ಗಕ್ಕೂ ಇದನ್ನು ಬೇರೆಬೇರೆ ಮಾಡು. ಒಟ್ಟಿಗೆ ಮಾಡಿದರೆ ದೊಡ್ಡ ಕುಳಿಗಳು ಚಿಕ್ಕವುಗಳ ಗುಟ್ಟು ಮುಚ್ಚಿಹಾಕುತ್ತವೆ. ಆದರೆ ಗುಂಪು ಕಂಡ ಮಾತ್ರಕ್ಕೆ ದ್ವಿತೀಯಕ ಎಂದು ತೀರ್ಪು ಕೊಡಬೇಡ. ಮಂಗಳದ ಗಾಳಿ ತೆಳುವಾದರೂ ಉಲ್ಕೆಯನ್ನು ಒಡೆಯುತ್ತದೆ. ಈಚೆಗೆ ಬಿದ್ದ ಹೊಸ ಕುಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಗುಂಪಾಗಿಯೇ ಸಿಕ್ಕಿವೆ. ಅಂಥ ಗುಂಪನ್ನು ಒಂದೇ ಏಟು ಎಂದು ಲೆಕ್ಕ ಹಿಡಿ. ಕುಳಿಯ ಅಗಲಕ್ಕೆ ಸಂಖ್ಯೆ ಹಾಕಿ ಬರೆದ ಗ್ರಾಫಿನ ಇಳಿಜಾರು ಕಡಿದಾಗಿದೆ, ಹಾಗಾಗಿ ದ್ವಿತೀಯಕವೇ ಎಂದೂ ನೆಗೆಯಬೇಡ, ಮಂಗಳದ ಚಿಕ್ಕ ಮೂಲ ಕುಳಿಗಳ ಗೆರೆಯೂ ಕಡಿದೇ.

ಇನ್ನೊಂದು ಮಾತು, ಇದನ್ನು ಗುರುಗಳು ಹೇಳಲು ಮರೆಯುವುದುಂಟು. ನೀನು ಬಳಸುವ ವಯಸ್ಸಿನ ಗೆರೆಯಲ್ಲಿ (ಇಂತಿಷ್ಟು ವಯಸ್ಸಿನ ನೆಲದಲ್ಲಿ ಎಷ್ಟು ಕುಳಿ ಇರಬೇಕೆಂದು ತೋರಿಸುವ ಗೆರೆ) ದ್ವಿತೀಯಕಗಳು ಸೇರಿವೆಯೋ ಇಲ್ಲವೋ ಮೊದಲು ವಿಚಾರಿಸು. ಕುಳಿ ಎಣಿಕೆಯ ವಿಜ್ಞಾನಿ ಹಾರ್ಟ್‌ಮನ್‌ರ ಗೆರೆಗಳಲ್ಲಿ ಎಲ್ಲೆಡೆ ಚದುರಿದ ದ್ವಿತೀಯಕಗಳು ಸೇರಿಕೊಂಡೇ ಇವೆ. ಎದ್ದು ಕಾಣುವ ಗುಂಪು, ಕಿರಣಗಳನ್ನಷ್ಟೇ ಬಿಡಬೇಕು. ಅದರ ಮೇಲೆ ನೀನು ಹುಡುಕಿ ಹುಡುಕಿ ಎಲ್ಲವನ್ನೂ ತೆಗೆದುಹಾಕಿದರೆ ವಯಸ್ಸು ಸುಳ್ಳುಸುಳ್ಳೇ ಕಡಿಮೆ ಬರುತ್ತದೆ. ಹಾಗಾಗಿ ಯಾವ ಕುಳಿಯನ್ನೂ ಅಳಿಸಬೇಡ. ಖಚಿತ ದ್ವಿತೀಯಕ, ಅನುಮಾನದ್ದು, ಮೂಲ ಎಂದು ಮೂರು ಲೇಯರಿನಲ್ಲಿ ಇಟ್ಟುಕೋ, ವಯಸ್ಸನ್ನು ಅನುಮಾನದವನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ತೆಗೆ. ಎರಡೂ ಉತ್ತರಗಳ ನಡುವಿನ ಅಂತರವನ್ನು ವರದಿಯಲ್ಲಿ ಹಾಗೇ ಬರಿ.

ಮೊದಲ ಜಾಗದ ಎಣಿಕೆ ಮುಗಿದ ಮೇಲೆ ಫೈಲು ಕಳಿಸು, ಚಿತ್ರದ ನಂಬರು, ಸೂರ್ಯನ ಕೋನ ಎರಡನ್ನೂ ಬರೆದು.

ಇಂತಿ,
ದೊಡ್ಡಪ್ಪ